ಲೋಡ್ ಇಲ್ಲದೆಯೂ ಬಿಸಿಯಾಗುವ ಗೇರ್‌ಬಾಕ್ಸ್

ಆಯಿಲ್ ಬದಲಿಸಿದ ಮೇಲೆ ಲೋಡ್ ಇಲ್ಲದೆಯೂ ಬಿಸಿಯಾಗುತ್ತಿದೆ ಅಂದರೆ, ಬಹುಶಃ ಆಯಿಲ್ ಜಾಸ್ತಿಯಾಗಿದೆ. ಹಲ್ಲುಗಳ ಉಜ್ಜಾಟದ ನಷ್ಟ (ಬಿಸಿಯಾಗಿ ಹೋಗುವ ಶಕ್ತಿ) ಲೋಡ್ ಜೊತೆ ಏರುತ್ತದೆ. ಆಯಿಲ್ ಕಡೆಯುವ ನಷ್ಟ ಹಾಗಲ್ಲ, ಖಾಲಿ ಓಡಿದರೂ ಇರುತ್ತದೆ. ಗೇರ್ ಆಳಕ್ಕೆ ಮುಳುಗಿದಷ್ಟೂ ಜಾಸ್ತಿ.

ಮೊದಲು ಖಾಲಿ ಓಡಿಸಿ, ಮೋಟಾರ್ ಎಳೆಯುವ ಕಿಲೋವ್ಯಾಟ್ ಬರೆದಿಟ್ಟುಕೊಳ್ಳಿ. ಬರೀ ಆಂಪ್ಸ್ ಸಾಲದು, ಖಾಲಿ ಮೋಟಾರಿನ ಕರೆಂಟ್ ಬಹುಪಾಲು ಕಾಂತಕ್ಷೇತ್ರಕ್ಕೇ ಹೋಗುತ್ತದೆ. ಆಮೇಲೆ ನಿಲ್ಲಿಸಿ, ನೊರೆ ಇಳಿದ ಮೇಲೆ ಸೈಟ್ ಗ್ಲಾಸ್ (ಆಯಿಲ್ ಮಟ್ಟ ತೋರಿಸುವ ಗಾಜು) ನೋಡಿ. ಗುರುತಿನವರೆಗೆ ಮಾತ್ರ ಇಳಿಸಿ. ಅದಕ್ಕಿಂತ ಕೆಳಗೆ ಖಂಡಿತ ಬೇಡ, ಹಲ್ಲು ಸವೆದುಹೋಗುತ್ತದೆ. ಡಬ್ಬದ ಮೇಲಿನ ವಿಜಿ ಸಂಖ್ಯೆಯನ್ನೂ (ಆಯಿಲ್ ಎಷ್ಟು ಗಟ್ಟಿ ಎಂದು ಹೇಳುವ ದರ್ಜೆ) ನೋಡಿ. 220ರ ಬದಲು 460 ಹಾಕಿದ್ದರೆ, 40 ಡಿಗ್ರಿಯಲ್ಲಿ ಅದು ಎರಡು ಪಟ್ಟು ಗಟ್ಟಿ.

ಮತ್ತೆ ಓಡಿಸಿ ಹೋಲಿಸಿ. ಕಿಲೋವ್ಯಾಟ್ ಇಳಿಯದಿದ್ದರೆ ಬೇರಿಂಗ್, ಸೀಲ್ ಬಿಚ್ಚಿ ನೋಡಬೇಕು.