ನೀರು ಎಲ್ಲಿಗೆ ಹೋಯಿತು ಎಂಬುದನ್ನು ಬರೆಯಿರಿ

ಆತ್ಮೀಯರೇ,

ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಚೆಸಿಲ್ ಬೀಚ್ ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ದಯವಿಟ್ಟು ವಿಷಯವನ್ನು ಕೈಬಿಡಬೇಡಿ. ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ, ನಿಮಗೆ ಅದರಲ್ಲಿ ನಿಜವಾದ ಆಸಕ್ತಿ ಇದೆ.

ಮೊದಲ ಎರಡು ಪುಟ ಕಡಲಿನ ಅಬ್ಬರಕ್ಕೇ ಹೋಗಿವೆ. ‘ರಾಕ್ಷಸ ಅಲೆಗಳು’, ‘ರುದ್ರನರ್ತನ’, ‘ಮುನಿದ ಸಮುದ್ರರಾಜ’: ಇವು ಯಾವ ಕಡಲಿಗಾದರೂ ಹೊಂದುವ ಮಾತುಗಳು. ಚೆಸಿಲ್‌ಗೆ ಮಾತ್ರ ಸಲ್ಲುವ ಸಂಗತಿ ನಾಲ್ಕನೆಯ ಪುಟದಲ್ಲಿ ಒಂದೇ ವಾಕ್ಯವಾಗಿ ಮುದುಡಿ ಕುಳಿತಿದೆ. ಸುಮಾರು 29 ಕಿ.ಮೀ. ಉದ್ದದ ಆ ಉರುಟುಕಲ್ಲಿನ ದಿಬ್ಬದ ಪಶ್ಚಿಮ ತುದಿಯಲ್ಲಿ, ವೆಸ್ಟ್ ಬೇ ಹತ್ತಿರ, ಕಲ್ಲುಗಳು ಬಟಾಣಿ ಗಾತ್ರದವು. ಇನ್ನೊಂದು ತುದಿಯ ಪೋರ್ಟ್‌ಲ್ಯಾಂಡ್ ತಲುಪುವಷ್ಟರಲ್ಲಿ ಮುಷ್ಟಿಗಾತ್ರಕ್ಕೆ ಬೆಳೆದಿರುತ್ತವೆ. ಕತ್ತಲಲ್ಲಿ ದಡ ಸೇರಿದ ಮೀನುಗಾರರು ಕಲ್ಲನ್ನು ಮುಟ್ಟಿ ನೋಡಿಯೇ ತಾವೆಲ್ಲಿದ್ದೇವೆಂದು ತಿಳಿಯುತ್ತಿದ್ದರು ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಲೇಖನ ಇಲ್ಲಿಂದ ಶುರುವಾಗಲಿ.

ದೊಡ್ಡ ಕೊರತೆ ಬೇರೆಯದು. ಬಿರುಗಾಳಿಯನ್ನು ನೀವು ಉದ್ದಕ್ಕೂ ಕೆಡವುವ ಶಕ್ತಿಯಾಗಿಯೇ ಕಂಡಿದ್ದೀರಿ. ಹಾಗಾದರೆ ಪೋರ್ಟ್‌ಲ್ಯಾಂಡ್ ಕಡೆ ಸುಮಾರು 15 ಮೀಟರ್ ಎತ್ತರಕ್ಕೆ ಕಲ್ಲು ಪೇರಿಸಿದ್ದು ಯಾವುದು? ನಮ್ಮ ಓದುಗರು ಮಲ್ಪೆ, ಪಣಂಬೂರಿನ ಮರಳನ್ನು ಬಲ್ಲವರು. ನುಣ್ಣನೆಯ ಮರಳಿನ ಮೇಲೆ ಏರಿದ ನೀರು ಬಹುಪಾಲು ಮೇಲ್ಮೈಯಲ್ಲೇ ಹಿಂದಿರುಗುತ್ತದೆ, ಮರಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಉರುಟುಕಲ್ಲಿನ ತೀರದಲ್ಲಿ ನೀರು ಸಂದುಗಳಲ್ಲಿ ಇಂಗಿಬಿಡುತ್ತದೆ. ಏರುವ ಅಲೆಗೆ ಕಲ್ಲನ್ನು ಹೊರುವ ಬಲವಿರುತ್ತದೆ, ಇಳಿಯುವ ನೀರಿಗೆ ಅಷ್ಟು ಬಲ ಉಳಿದಿರುವುದಿಲ್ಲ. ಕಲ್ಲು ಮೇಲೆಯೇ ನಿಲ್ಲುತ್ತದೆ. ಆ ತೀರಗಳು ಅಷ್ಟು ಕಡಿದಾಗಿರುವುದು ಇದರಿಂದಲೇ. ಬಿರುಗಾಳಿಯ ಅಲೆಗಳು ಇಳಿಜಾರಿನ ಕಲ್ಲುಗಳನ್ನು ಕಡಲಿಗೆ ಎಳೆಯುವುದು ನಿಜ. ಆದರೆ ಅದೇ ಹೊತ್ತಿನಲ್ಲಿ ಕೆಲವನ್ನು ಸಾಮಾನ್ಯ ಅಲೆ ಮುಟ್ಟಲಾಗದ ನೆತ್ತಿಗೂ ಎಸೆಯುತ್ತವೆ. ಅಲ್ಲಿಂದ ಅವು ಕದಲಬೇಕಾದರೆ ಮತ್ತೊಂದು ಬಿರುಗಾಳಿಯೇ ಬರಬೇಕು. ಇದಕ್ಕೆ ಒಂದು ಇಡೀ ಪುಟ ಕೊಡಿ.

1824ರ ನವೆಂಬರಿನಲ್ಲಿ ಅಲೆಗಳು ದಿಬ್ಬ ದಾಟಿ ಬಂದು ಫ್ಲೀಟ್ ಹಳ್ಳಿಯ ಚರ್ಚನ್ನು ಕೆಡವಿದ ಭಾಗ ಚೆನ್ನಾಗಿದೆ, ಹಾಗೆಯೇ ಇರಲಿ.

ಮನುಷ್ಯ ಪ್ರಕೃತಿಯ ಮುಂದೆ ಅಸಹಾಯಕ ಎಂಬ ಕೊನೆಯ ಪ್ಯಾರಾವನ್ನು ಮಾತ್ರ ತೆಗೆದುಬಿಡಿ. ಅದು ಪೂರ್ತಿ ಸತ್ಯವಲ್ಲ. ಪಕ್ಕದ ಡೆವನ್‌ನ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿಯನ್ನು ನೋಡಿ. ನೌಕಾನೆಲೆಯ ವಿಸ್ತರಣೆಗೆಂದು 1897ರಿಂದ ಅದರ ಮುಂದಿನ ಕಡಲಿನಿಂದ ಲಕ್ಷಾಂತರ ಟನ್ ಕಲ್ಲುಜಲ್ಲಿಯನ್ನು ಬಗೆದು ಸಾಗಿಸಿದರು. ಕಡಲೇ ಅದನ್ನು ತುಂಬಿಕೊಡುತ್ತದೆ ಎಂದು ನಂಬಿದ್ದರು. ತುಂಬಲಿಲ್ಲ, ತೀರ ತಗ್ಗುತ್ತಾ ಹೋಯಿತು. ಊರವರು ಪ್ರತಿಭಟಿಸಿದ ಮೇಲೆ 1902ರಲ್ಲಿ ಕೆಲಸ ನಿಂತಿತು. 1917ರ ಜನವರಿಯ ಬಿರುಗಾಳಿ ಮುಗಿದಾಗ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಒಂದೇ ಮನೆ. ಅಲೆಯನ್ನು ತಡೆಯುತ್ತಿದ್ದ ಕಲ್ಲುರಾಶಿಯನ್ನು ತೆಗೆದವರು ಮನುಷ್ಯರು. ಇದನ್ನು ಬರೆಯದೆ ಕಡಲಿನ ಮೇಲೆ ದೂರು ಹೊರಿಸುವುದು ಆ ಊರಿನವರಿಗೆ ಮಾಡುವ ಅನ್ಯಾಯ.

ತಿದ್ದಿ ಕಳುಹಿಸಿ, ಒಂಬೈನೂರು ಪದ ಸಾಕು. ಸೂರ್ಯಾಸ್ತದ ಚಿತ್ರಗಳು ಬೇಡ. ದಿಬ್ಬದ ಅಡ್ಡಸೀಳಿನಲ್ಲಿ ನೀರು ಇಂಗುವುದನ್ನು ತೋರಿಸುವ ರೇಖಾಚಿತ್ರವನ್ನು ನಮ್ಮ ಕಲಾವಿದರಿಂದ ಬರೆಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ