ಒಂದು ಕುಂಬಳಕಾಯಿ, 28 ಮಕ್ಕಳು

ದಸರಾ ಹತ್ತಿರ ಬಂತು ಅಂದರೆ ನನಗೆ ಕುಂಬಳಕಾಯಿ ಪ್ರಶ್ನೆಗಳು ಶುರು. ಪ್ರತಿ ವರ್ಷ ಅವೇ. ಈ ಸಲ ಒಂದಕ್ಕೆ ಪೂರ್ತಿ ಬರೆದುಬಿಡುತ್ತೇನೆ. ಮುಂದಿನ ವರ್ಷ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಪ್ರಶ್ನೆ: ನಮ್ಮದು ನಲಿ-ಕಲಿ ತರಗತಿ. 1ರಿಂದ 3ರವರೆಗಿನ 28 ಮಕ್ಕಳು ಒಟ್ಟಿಗೆ ಕೂರುತ್ತಾರೆ. ಊರಿನವರು ಒಂದು ಸಿಹಿಗುಂಬಳ ಕೊಟ್ಟರು. ಚಿತ್ರ ಬರೆಸಿ ಬಣ್ಣ ಹಚ್ಚಿಸಿದೆ. ಇನ್ನೇನು ಮಾಡಿಸಬಹುದು?

ಕಾಯಿ ಎದುರಿಗೇ ಇರುವಾಗ ಮಕ್ಕಳ ಕೈಗೆ ಕ್ರೇಯಾನ್ ಯಾಕೆ ಕೊಟ್ಟಿರಿ ಮೇಡಂ? ಮೊದಲು ಕಾಯಿ ಕೊಡಿ. ಎತ್ತಲಿ, ತಟ್ಟಲಿ, ಮೂಸಲಿ. ಆ ಹೊತ್ತು ನೀವು ಏನೂ ಹೇಳಬೇಡಿ.

ಆಮೇಲೆ ದಾರದ ಉಂಡೆ ತನ್ನಿ. ಕಾಯಿಯ ಸುತ್ತ ಒಂದು ಸುತ್ತು ಬರುವಷ್ಟು ದಾರ ಕತ್ತರಿಸಿಕೊಳ್ಳಿ ಅನ್ನಿ, ಆದರೆ ಸುತ್ತಿ ನೋಡುವ ಹಾಗಿಲ್ಲ, ಬರೀ ಕಣ್ಣಂದಾಜು. ಜಾಸ್ತಿ ಮಕ್ಕಳು ಬೇಕಾದ್ದಕ್ಕಿಂತ ಉದ್ದ ಕತ್ತರಿಸುತ್ತಾರೆ. ಸುತ್ತಿ ನೋಡಿ, ಮಿಕ್ಕ ತುದಿ ಹಿಡಿದುಕೊಂಡು ನಗುತ್ತಾರೆ. ಎರಡನೇ ಸಲ ಕತ್ತರಿಸಿದ ದಾರ ಎಷ್ಟು ಹತ್ತಿರ ಬರುತ್ತೆ ನೋಡಿ. ಕಲಿತದ್ದು ಅಲ್ಲೇ ಕಾಣುತ್ತೆ.

ತೂಕಕ್ಕೆ, ಶಾಲೆಯಲ್ಲಿ ಮಕ್ಕಳ ತೂಕ ನೋಡುವ ಯಂತ್ರ ಇರುತ್ತಲ್ಲ, ಅದು ಸಾಕು. ಒಂದು ಮಗುವನ್ನು ನಿಲ್ಲಿಸಿ ಬರೆದುಕೊಳ್ಳಿ, ಆಮೇಲೆ ಅದೇ ಮಗುವಿನ ಕೈಗೆ ಕಾಯಿ ಕೊಟ್ಟು ಮತ್ತೆ ನಿಲ್ಲಿಸಿ. ಕಳೆಯುವ ಲೆಕ್ಕ ಯಾಕೆ ಬೇಕು ಅಂತ ಮೂರನೆಯ ತರಗತಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಮರುದಿನ ದೊಡ್ಡ ಟಬ್ಬಿಗೆ ನೀರು ತುಂಬಿಸಿ. ಒಂದು ಕೈಯಲ್ಲಿ ಸಣ್ಣ ಕಲ್ಲು, ಪಕ್ಕದಲ್ಲಿ ಕಾಯಿ. ಯಾವುದು ಮುಳುಗುತ್ತೆ? ಭಾರದ್ದು ಮುಳುಗುತ್ತೆ ಅಂತ ಇಡೀ ತರಗತಿ ಕೂಗುತ್ತೆ. ಕಲ್ಲು ತಳ ಸೇರುತ್ತೆ, ಕಾಯಿ ತೇಲುತ್ತೆ. ಒಳಗೆ ಪೊಳ್ಳು ಇದೆ ಅಂತ ತಕ್ಷಣ ಹೇಳಿಬಿಡಬೇಡಿ, ದಯವಿಟ್ಟು. ಒಂದು ರಾತ್ರಿ ಆ ಪ್ರಶ್ನೆ ಅವರ ತಲೆಯಲ್ಲಿ ಇರಲಿ. ನಾಳೆ ಕಾಯಿ ಕೊಯ್ದಾಗ ಯಾವುದೋ ಒಂದು ಮಗು ತಾನೇ ಹೇಳುತ್ತೆ.

ಕೊಯ್ಯುವುದು ಮಾತ್ರ ಬಿಸಿಯೂಟದ ಅಕ್ಕನ ಕೆಲಸ. ಈಳಿಗೆಮಣೆಯ ಹತ್ತಿರಕ್ಕೂ ಮಕ್ಕಳನ್ನು ಬಿಡಬೇಡಿ. ಒಂದು ಶಾಲೆಯಲ್ಲಿ ನನ್ನ ಕಣ್ಣೆದುರಿಗೇ ಮಗುವೊಂದು ಬೆರಳು ಕೊಯ್ದುಕೊಂಡಿತು. ಅವತ್ತಿನಿಂದ ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ.

ಈಗ ಬೀಜ. ಎಷ್ಟಿರಬಹುದು ಅಂತ ಪ್ರತಿ ಮಗುವೂ ಮೊದಲು ಹೇಳಲಿ, ಬೋರ್ಡಿನ ಮೇಲೆ ಬರೆಯಿರಿ. ಲೋಳೆ ತೊಳೆದು, ಪೇಪರಿನ ಮೇಲೆ ಒಣಗಿಸಿ, ಹತ್ತು ಹತ್ತು ಬೀಜ ಒಂದೊಂದು ದೊನ್ನೆಗೆ ಹಾಕಿಸಿ. ಲೋಳೆ ಮುಟ್ಟಲು ಹೇಸುವ ಮಕ್ಕಳನ್ನು ಒತ್ತಾಯ ಮಾಡಬೇಡಿ, ಅವರು ದೊನ್ನೆ ಜೋಡಿಸಲಿ. ಎರಡನೇ ತರಗತಿಯ ಒಬ್ಬ ಹುಡುಗ ನೆನಪಾಗುತ್ತಾನೆ. ನೂರ ನಲವತ್ಮೂರು ಅಂತ ಬಾಯಲ್ಲಿ ಸರಿಯಾಗಿ ಹೇಳಿದ. ಸ್ಲೇಟಿನ ಮೇಲೆ 100403 ಅಂತ ಬರೆದ. ನಾನು ತಿದ್ದಲಿಲ್ಲ. ಹತ್ತು ದೊನ್ನೆ ತೆಗೆದು ಒಂದು ತಟ್ಟೆಗೆ ಇಡು ಅಂದೆ. ಇಟ್ಟ. ಒಂದು ತಟ್ಟೆ, ನಾಲ್ಕು ದೊನ್ನೆ, ಮೂರು ಬಿಡಿ ಬೀಜ. ಸ್ವಲ್ಪ ಹೊತ್ತು ಸುಮ್ನೆ ನೋಡಿದ. ಆಮೇಲೆ ಅಂಗೈಯಿಂದ ಸ್ಲೇಟು ಒರೆಸಿ 143 ಅಂತ ಬರೆದ. ಸ್ಥಾನಬೆಲೆಗೆ ನಾನು ಇದಕ್ಕಿಂತ ಒಳ್ಳೆಯ ಪಾಠ ನೋಡಿಲ್ಲ.

ತಿರುಳು ಅವತ್ತಿನ ಸಾಂಬಾರಿಗೆ ಹೋಗಲಿ. ಕಹಿ ಇದ್ದರೆ ಮಾತ್ರ ಎಸೆಯಿರಿ, ಕಹಿ ಕುಂಬಳ ಹೊಟ್ಟೆ ಕೆಡಿಸುತ್ತೆ.

ಪ್ರಶ್ನೆ: ಕೈತೋಟದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತೆ ಅಂತ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ನಿಜವೇ?

ಸುಳ್ಳು. ಇದನ್ನು ನಂಬಿ ಬಳ್ಳಿಯ ಹತ್ತಿರ ಮಕ್ಕಳನ್ನು ಬಿಡದ ಶಾಲೆ ಕಂಡರೆ ನನಗೆ ಬೇಜಾರಾಗುತ್ತೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಗುಂಡು ಇರುತ್ತೆ. ಜೇನು ಬಂದು ಗಂಡು ಹೂವಿನ ಪರಾಗ ತಾಗಿಸದಿದ್ದರೆ ಆ ಗುಂಡು ಹಳದಿಯಾಗಿ ಕೊಳೆತು ಬೀಳುತ್ತೆ. ಇಲ್ಲವೇ ಹಣ್ಣು ನೊಣ ಹೀಚಿಗೆ ಚುಚ್ಚಿ ಮೊಟ್ಟೆ ಇಟ್ಟಿರುತ್ತೆ. ಪಾಪ, ಬೆರಳಿನ ತಪ್ಪೇನೂ ಇಲ್ಲ. ಗಂಡು ಹೂವಿನ ದಳ ಕಿತ್ತು, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮಕ್ಕಳ ಕೈಯಲ್ಲೇ ಮೆಲ್ಲಗೆ ತಾಗಿಸಿ. ಆದರೆ ಹೂವು ನಸುಕಿಗೆ ಅರಳಿ ಬಿಸಿಲೇರುತ್ತಲೇ ಮುದುಡುತ್ತೆ, ಹತ್ತು ಗಂಟೆಗೆ ಶಾಲೆ ಶುರುವಾದರೆ ತಡವಾಯಿತು. ಶನಿವಾರ ಬೆಳಗಿನ ಶಾಲೆ ಇರುತ್ತಲ್ಲ, ಅವತ್ತು ಪ್ರಾರ್ಥನೆಗೂ ಮುಂಚೆ ಮಾಡಿಸಿ. ತಾಗಿಸಿದ ಹೂವಿಗೆ ದಾರ ಕಟ್ಟಿ ಗುರುತು ಮಾಡಿ, ದಿನಾ ಬೆರಳು ತೋರಿಸಿಯೇ ಎಣಿಸಲಿ.

ಪ್ರಶ್ನೆ: ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳು ತರಿಸಬಹುದೇ?

ಬೇಡ. ರಸ್ತೆಯ ಕೊಳೆ, ಕುಂಕುಮ, ಚಿಲ್ಲರೆ ಎಲ್ಲ ಸೇರಿರುತ್ತೆ. ಒಡೆಯದ ಕಾಯಿ ತನ್ನಿ. ಕಪ್ಪು ಬಟ್ಟೆ ಹೊದೆಸಿದ ಹೆಗಲ ಮೇಲೆ ಒಬ್ಬೊಬ್ಬರೂ ಹೊತ್ತು ನಡೆಯಲಿ. ಬಿಳಿ ಪುಡಿ ಬಟ್ಟೆಗೆ ಅಂಟಿದ್ದು ನೋಡಿದ ಮೇಲೆ ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನುವ ಗಾದೆ ಹೇಳಿ. ಆ ಪುಡಿ ಮೇಣ, ಕಾಯಿಯ ನೀರು ಆರದಂತೆ ಕಾಯುತ್ತೆ.

ಪ್ರಶ್ನೆ: ನೆನಪಿನ ಶಕ್ತಿಗೆ ಬೂದುಗುಂಬಳದ ಪುಡಿ ಮಾರಲು ಒಬ್ಬರು ಶಾಲೆಗೆ ಬಂದಿದ್ದಾರೆ. ಪೋಷಕರಿಗೆ ಹೇಳಬಹುದೇ?

ಗೇಟಿನಿಂದಲೇ ವಾಪಸ್ ಕಳಿಸಿ. ಆ ದುಡ್ಡಲ್ಲಿ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡು ಸರಿಯಾಗಿ ಕಾಣದ ಮಗುವನ್ನು ದಡ್ಡ ಅನ್ನುವುದನ್ನು ನಾನು ತುಂಬಾ ನೋಡಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಅಕ್ಟೋಬರಿನಲ್ಲಿ ಮಗಳ ಶಾಲೆಯಲ್ಲಿ ಮುಖ ಕೆತ್ತಿದ ಕಾಯಿಯಿಂದ ಪಲ್ಯ ಮಾಡಬಹುದೇ?

ಕೆತ್ತಿ ಹೊರಗೆ ಇಟ್ಟಿದ್ದನ್ನು ತಿನ್ನಬೇಡಿ. ಕೆತ್ತುವಾಗ ತೆಗೆದ ಬೀಜ ತೊಳೆದು ಹುರಿಯಿರಿ.

ಪ್ರಶ್ನೆ: ಉಳಿದ ಬೀಜ ಶಾಲೆಯಲ್ಲೇ ಬಿತ್ತಬಹುದೇ?

ಬಿತ್ತಿ. ತಾಯಿಕಾಯಿಯಂಥದ್ದೇ ಬಿಡುತ್ತೆ ಅಂತ ಮಾತ್ರ ಮಕ್ಕಳಿಗೆ ಮಾತು ಕೊಡಬೇಡಿ, ಜೇನು ಯಾವ ಬಳ್ಳಿಯ ಪರಾಗ ತಂದಿತ್ತೋ. ಒಂದು ವಾರ, ಹತ್ತು ದಿನದಲ್ಲಿ ಮೊಳಕೆ ಮೇಲೆ ಬರುತ್ತೆ. ಕೆಲವಕ್ಕೆ ಬೀಜದ ಸಿಪ್ಪೆ ಟೋಪಿಯ ಹಾಗೆ ಎಲೆಗೆ ಕಚ್ಚಿಕೊಂಡಿರುತ್ತೆ. ಮಕ್ಕಳು ಕೀಳಲು ಹೋಗುತ್ತಾರೆ, ಎಲೆ ಹರಿಯುತ್ತೆ. ಒಂದು ಹನಿ ನೀರು ಬಿಟ್ಟು ಮರುದಿನದವರೆಗೆ ಕಾಯಲು ಹೇಳಿ.