ಕೈ ಎಡಮೂಲೆಗೇ ಹೋಗುತ್ತೆ, ಮರೆವು ಶುರುವಾಯಿತೇ?

ನನ್ನಲ್ಲಿಗೆ ಆಪ್ತಸಲಹೆಗೆ ಬಂದವರು ಐವತ್ತೇಳರ ಮಹಿಳೆ, ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ನೋಡುವವರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ರಾಜೀನಾಮೆ ಬರೆದಿಟ್ಟಾಗಿದೆ ಎಂದರು. ಜೊತೆಗಿದ್ದ ಯಜಮಾನರು "ಒಂದು ಕಂಪ್ಯೂಟರ್ ಬದಲಾಯಿಸಿದ್ದಕ್ಕೆ ಇಷ್ಟೆಲ್ಲ ರಾದ್ಧಾಂತ ಮೇಡಂ" ಎಂದು ನಕ್ಕರು. ಅವರನ್ನು ಸ್ವಲ್ಪ ಹೊರಗೆ ಕೂರಲು ಹೇಳಿದೆ.

ವಿಂಡೋಸ್ 10ಕ್ಕೆ ಇದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸಂಘದ ಹಳೆಯ ಯಂತ್ರಕ್ಕೆ 11 ಹಾಕಲು ಬರುವುದಿಲ್ಲವೆಂದು ಹೊಸದನ್ನೇ ತಂದಿಟ್ಟರು. ಸೋಮವಾರ ಕೌಂಟರಿನ ಮುಂದೆ ಸಾಲದ ಕಂತು ಕಟ್ಟುವವರ ಸಾಲು. ಈಕೆ ಎಂದಿನಂತೆ ಮೌಸನ್ನು ಪರದೆಯ ಕೆಳಗಿನ ಎಡಮೂಲೆಗೆ ಒಯ್ದರೆ ಸ್ಟಾರ್ಟ್ ಬಟನ್ ಅಲ್ಲಿಲ್ಲ. ಬದಲಿಗೆ ಹವಾಮಾನ, ಸುದ್ದಿ, ಚಿತ್ರಗಳ ಹಲಗೆಯೊಂದು ಪರದೆ ತುಂಬ ತೆರೆದುಕೊಂಡಿತು. ಮುಚ್ಚಿದರು. ಮತ್ತೆ ಕೈ ಅಲ್ಲಿಗೇ ಹೋಯಿತು, ಹಲಗೆ ಮತ್ತೆ ಬಂತು. "ಅಕ್ಕೋರೇ, ನಿಮಗೇ ಬರಲ್ವಾ? ನನ್ನ ಬಸ್ಸು ಹೋಗುತ್ತೆ" ಎಂದರಂತೆ ಒಬ್ಬ ಸದಸ್ಯರು. ಪಕ್ಕದ ಮೇಜಿನ ಹುಡುಗ ಎದ್ದು ಬಂದು ಮೌಸ್ ಕಿತ್ತುಕೊಂಡು ಟಕಟಕನೆ ಮಾಡಿ ಮುಗಿಸಿದ. ಮಧ್ಯಾಹ್ನ ಹಳೆಯ ಸಭೆಯ ನಡಾವಳಿ ತೆರೆದರೆ ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಫೈಲೇ ಹಾಳಾಯಿತು, ಹಾಳು ಮಾಡಿದ್ದು ತಾನೇ ಎಂದುಕೊಂಡು ಯಾರಿಗೂ ಹೇಳದೆ ಮನೆಗೆ ಬಂದರು.

ಇಷ್ಟಕ್ಕೆ ರಾಜೀನಾಮೆಯೇ? ನನಗೂ ಅದು ಹೊಂದಿಕೆಯಾಗಲಿಲ್ಲ. ಮನೆಯ ವಿಷಯ ಕೇಳುತ್ತಾ ಹೋದಾಗ ಗಂಟು ಸಿಕ್ಕಿತು. "ಅಮ್ಮನಿಗೂ ಹೀಗೇ ಶುರುವಾಗಿದ್ದು. ಉಪ್ಪಿನ ಡಬ್ಬ ಎಲ್ಲಿ ಅಂತ ಹುಡುಕೋರು. ಕೊನೆಗೆ ನನ್ನ ಗುರುತೂ ಸಿಗಲಿಲ್ಲ."

ಅಮ್ಮ ಹುಡುಕುವಾಗ ಡಬ್ಬ ಎಲ್ಲಿತ್ತು ಎಂದು ಕೇಳಿದೆ. ಯಾವಾಗಲೂ ಇದ್ದ ಜಾಗದಲ್ಲೇ ಇತ್ತಂತೆ. ನಿಮ್ಮ ವಿಷಯದಲ್ಲಿ ಡಬ್ಬವನ್ನೇ ಯಾರೋ ಎತ್ತಿ ಬೇರೆ ಕಡೆ ಇಟ್ಟಿದ್ದಾರೆ, ನಿಮ್ಮ ಕೈ ಮಾತ್ರ ಸರಿಯಾಗಿ ಹಳೆಯ ಜಾಗಕ್ಕೇ ಹೋಗುತ್ತಿದೆ ಎಂದೆ. ನೆನಪು ಗಟ್ಟಿ ಇರುವುದಕ್ಕೇ ತೊಂದರೆ. ವಿಂಡೋಸ್ 95 ಬಂದಾಗಿನಿಂದ ಆ ಬಟನ್ ಎಡಮೂಲೆಯಲ್ಲಿತ್ತು. 2012ರಲ್ಲಿ ವಿಂಡೋಸ್ 8 ಅದನ್ನು ತೆಗೆದುಹಾಕಿದಾಗ ಎಲ್ಲೆಡೆ ಜನ ಗೊಣಗಿದರು, ಮರುವರ್ಷ 8.1ರಲ್ಲಿ ಅದು ವಾಪಸ್ ಬಂತು. ಅಷ್ಟು ಜನಕ್ಕೂ ಮರೆವಿನ ಕಾಯಿಲೆ ಇತ್ತೇ? ಮೊದಲ ಬಾರಿಗೆ ನಕ್ಕರು. ಮಾತಿನ ನಡುವೆ ಎಷ್ಟೋ ಸದಸ್ಯರ ಖಾತೆ ಸಂಖ್ಯೆಗಳನ್ನು ಪುಸ್ತಕ ನೋಡದೇ ಹೇಳಿದ್ದರು ಎನ್ನುವುದನ್ನೂ ನೆನಪಿಸಿದೆ.

ಆದರೂ ಒಂದು ಸಲ ನರರೋಗ ತಜ್ಞರನ್ನು ಕಾಣಲು ಬರೆದುಕೊಟ್ಟೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದಿನವೂ ಓಡಾಡುವ ದಾರಿ ತಪ್ಪುವುದು, ಗೊತ್ತಿದ್ದ ಲೆಕ್ಕ ತಡವರಿಸುವುದು ಇವು ಗಮನಿಸಬೇಕಾದ ಲಕ್ಷಣಗಳು. ಇವರಲ್ಲಿ ಒಂದೂ ನನಗೆ ಕಾಣಲಿಲ್ಲ. ಆದರೆ ತಾಯಿಯ ನರಳಾಟ ಕಣ್ಣಾರೆ ಕಂಡವರಿಗೆ ನನ್ನ ಮಾತೊಂದೇ ಸಾಲದು.

ಕೊಟ್ಟ ಸಲಹೆ

"ಹಳೇದನ್ನೇ ತರಿಸಿಕೊಳ್ಳಲಾ?" ಎಂದು ಕೇಳಿದರು. ಜನರ ದುಡ್ಡಿನ ಲೆಕ್ಕವಿರುವ ಯಂತ್ರ, ಭದ್ರತೆಯ ಅಪ್‌ಡೇಟ್ ಇಲ್ಲದೆ ನಡೆಸುವುದು ಬೇಡ ಎಂದೆ. ಹೊಸದರಲ್ಲೇ ಹಳೆಯದನ್ನು ಒಂದಷ್ಟು ಮರಳಿ ತರಬಹುದು. ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್, ಅದರೊಳಗೆ ಟಾಸ್ಕ್‌ಬಾರ್. ಅಲ್ಲಿ ಅಲೈನ್‌ಮೆಂಟ್ ಅನ್ನು ಲೆಫ್ಟ್ ಮಾಡಿದರೆ ಸ್ಟಾರ್ಟ್ ಬಟನ್ ಎಡಮೂಲೆಗೆ ಬರುತ್ತದೆ, ವಿಜೆಟ್ಸ್ ಆಫ್ ಮಾಡಿದರೆ ಆ ಸುದ್ದಿಹಲಗೆಯ ಕಾಟ ತಪ್ಪುತ್ತದೆ. ರೈಟ್ ಕ್ಲಿಕ್ಕಿನ ಹಳೆಯ ಪಟ್ಟಿ "ಶೋ ಮೋರ್ ಆಪ್ಷನ್ಸ್" ಒಳಗಿದೆ. ಕಂಟ್ರೋಲ್ ಸಿ, ಕಂಟ್ರೋಲ್ ವಿ, ಕಂಟ್ರೋಲ್ ಪಿ ಮೊದಲಿನ ಹಾಗೇ ಇವೆ. ಗಾಬರಿಯಾದಾಗ ಮೌಸ್ ಬಿಟ್ಟು ಕೀಲಿಮಣೆ ಹಿಡಿಯಿರಿ ಎಂದೆ. ನಡಾವಳಿ ಹಾಳಾಗಿರಲಿಲ್ಲ. ಅದನ್ನು ಟೈಪ್ ಮಾಡಿದ್ದ "ನುಡಿ" ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟು ಹೊಸ ಯಂತ್ರದಲ್ಲಿ ಇರಲಿಲ್ಲ, ಅಷ್ಟೇ. ಇವನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಪರಿಚಯದ ಕಂಪ್ಯೂಟರ್ ಮೇಷ್ಟ್ರು. ಆಪ್ತಸಲಹೆಯ ಕೋರ್ಸಿನಲ್ಲಿ ಟಾಸ್ಕ್‌ಬಾರಿನ ಪಾಠ ಇರುವುದಿಲ್ಲ!

ಎಲ್ಲವನ್ನೂ ಕಲಿಯುವ ಹಟ ಬೇಡ ಎಂದೆ. ದಿನಾ ಮಾಡುವ ಕೆಲಸಗಳನ್ನಷ್ಟೇ ಹಾಳೆಯಲ್ಲಿ ಬರೆದು, ಕೌಂಟರ್ ತೆರೆಯುವ ಮುಂಚೆ, ಯಾರೂ ನೋಡದಿರುವಾಗ ಮಾಡಿ ನೋಡಿಕೊಳ್ಳಬೇಕು. ಪಕ್ಕದ ಹುಡುಗನಿಗೆ ಹೇಳಲು ಒಂದು ಮಾತನ್ನೂ ನನ್ನೆದುರೇ ಅಭ್ಯಾಸ ಮಾಡಿಸಿದೆ: "ಮೌಸ್ ನನ್ನ ಕೈಯಲ್ಲೇ ಇರಲಿ ಮಾರಾಯ, ನೀನು ಬಾಯಲ್ಲಿ ಹೇಳು." ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಹಿಂದೆ ಲೆಡ್ಜರಿನಿಂದ ಕಂಪ್ಯೂಟರಿಗೆ ಬಂದಾಗ ಉಳಿದವರಿಗೆ ಕಲಿಸಿದ್ದು ಇವರೇ. ಈಗ ಕೇಳುವ ಜಾಗದಲ್ಲಿ ನಿಲ್ಲುವುದು ಅವರಿಗೆ ಬಟನ್ ಹುಡುಕುವುದಕ್ಕಿಂತ ಕಷ್ಟವಾಗಿತ್ತು.

ಯಜಮಾನರನ್ನು ಒಳಗೆ ಕರೆದು, ಮನೆಯಲ್ಲಿ ಈ ವಿಷಯಕ್ಕೆ ತಮಾಷೆ ಬೇಡವೆಂದು ತಿಳಿಸಿದೆ. ಅತ್ತೆಯ ಹೆಸರು ಬರುತ್ತಿದ್ದಂತೆ ಅವರೂ ಗಂಭೀರರಾದರು.

ಮುಂದಿನ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ತಜ್ಞರು ಗಾಬರಿಯಾಗುವಂಥದ್ದೇನೂ ಇಲ್ಲವೆಂದಿದ್ದರು. ರಾಜೀನಾಮೆ ಪತ್ರ ಹರಿದಿಲ್ಲ, ಬೀರುವಿನಲ್ಲೇ ಇದೆ ಎಂದರು. ಇರಲಿ ಎಂದೆ. ಮಾರ್ಚ್ ಕೊನೆಯ ಲೆಕ್ಕ ಮುಗಿಸಿ ಮತ್ತೊಮ್ಮೆ ಬರುತ್ತಾರೆ.